ಸೋನಾಬಾಯಿಯ ರೊಟ್ಟಿ ಧ್ಯಾನ

ಕೈ ಕೆಸರಾದರೆ ಗಿರಣಿ ಗರಗರ ಎಂದು ಗಾದೆಯೇ ಇದೆ. ಇದು ನಡೆದ ಸಂಗತಿ. ಸುಳ್ಳಾದರೆ ನನ್ನ ಹಿಟ್ಟಿನಲ್ಲಿ ಮರಳು ಸಿಗಲಿ.

ಕರೆಂಟು ಕಂಬದಿಂದ ಬರುವುದು ನಿಂತು ಏಕಾಗ್ರತೆಯಿಂದ ಬರಲು ಶುರುವಾದ ಮೇಲೆ, ಕಲಬುರಗಿಯ ಸೋನಾಬಾಯಿ ಹಿಟ್ಟಿನ ಗಿರಣಿಯನ್ನು ಧ್ಯಾನದಿಂದಲೇ ಓಡಿಸಬೇಕಾಯಿತು. ಯಾರಿಗೆ ಯಾವ ಧ್ಯಾನವಸ್ತು ಎಂದು ಸ್ವಭಾವ ನೋಡಿ ಹೇಳುವವರು ಬೌದ್ಧ ವಿಹಾರದ ಭಿಕ್ಷು, ಭಂತೇಜಿ. ಮೊದಲು ಗಮನಿಸಲು ಉಸಿರನ್ನೇ ಕೊಟ್ಟರು; ಅವಳಿಗೆ ನಿದ್ದೆ ಬಂತು. ಆಮೇಲೆ ದಿಟ್ಟಿಸಲು ಕೆಮ್ಮಣ್ಣಿನ ಬಿಲ್ಲೆ ಕೊಟ್ಟರು. ನೋಡುನೋಡುತ್ತ ನೆಗೆಣ್ಣಿಯ ಜಗಳ ನೆನಪಾಗಿ ಗಿರಣಿ ಕೆಮ್ಮಿ ನಿಂತಿತು. ಗಿರಾಕಿಗಳು ಜೋಳದ ಬುಟ್ಟಿ ಎತ್ತಿಕೊಂಡು ಬೇರೆ ಗಿರಣಿ ಹುಡುಕತೊಡಗಿದರು. ಹೀಗೇ ಆದರೆ ಬಾಗಿಲು ಹಾಕಬೇಕು ಎಂದು ಅವಳು ಕಣ್ಣೊರೆಸಿಕೊಂಡಳು.

ಮೈದುನ ಅಂಬಾದಾಸನಿಗೆ ತಮಾಷೆ ಹೊಳೆಯಿತು. ಫೋನ್ ಮಾಡಿ, ಭಂತೇಜಿಯ ದನಿಯಲ್ಲೇ ಎಳೆದೆಳೆದು ಹೇಳಿದ: "ಬಾಯೀ, ಮಣ್ಣು ಬ್ಯಾಡ. ಒಂದು ಖಡಕ್ ರೊಟ್ಟಿ ಮುಂದಿಟ್ಕೊಂಡು ಕೂಡ್ರಿ."

ನಗಲೆಂದು ಓಣಿಯ ಮಂದಿಯನ್ನೂ ಕರೆತಂದ. ಸೋನಾಬಾಯಿ ರೊಟ್ಟಿಯನ್ನು ದಿಟ್ಟಿಸಿದಳು. ಗಿರಣಿ ಗುಡುಗಿತು, ಬೀದಿದೀಪಗಳೂ ಹತ್ತಿಕೊಂಡವು. ಯಾರಿಗೂ ನಗು ಬರಲಿಲ್ಲ.

ಸದ್ದು ಕೇಳಿ ಭಂತೇಜಿ ಬಂದರು. "ಇದೇನವ್ವಾ, ರೊಟ್ಟಿ?"

"ನೀವೇ ಹೇಳೀರಲ್ರೀ ಫೋನಿನ್ಯಾಗ!"

"ನಾ ಯಾವಾಗ ಹೇಳೀನಿ?"

ಓಣಿಯವರೆಲ್ಲ ಅಂಬಾದಾಸನತ್ತ ತಿರುಗಿದರು. "ವೈನೀ, ಸುಮ್ನ ಚ್ಯಾಷ್ಟಿ ಮಾಡಿದ್ನಿ..." ಎಂದು ಅವನು ತನ್ನ ಸ್ವಂತ ದನಿಯಲ್ಲಿ ತೊದಲಿದ.

"ಭಾಡ್ಯಾ! ಹುಟ್ಟಿದಾಗಿಂದ ರೊಟ್ಟಿ ಬಡಿಯಾಕಿಗಿ ಮಣ್ಣು ತೋರ್ಸಿದ್ರ ಮನಸ್ಸು ನಿಂದರ್ತದೇನೋ? ಮೊದಲೇ ಚ್ಯಾಷ್ಟಿ ಮಾಡಬಾರ್ದಿತ್ತಾ?" ಎಂದು ಸೋನಾಬಾಯಿ ಗದರಿದಳು.

ಮೊದಲು ಭಂತೇಜಿ ನಕ್ಕರು, ಆಮೇಲೆ ಓಣಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೋನಾಬಾಯಿಯೇ. ಕಣ್ಣು ಮಾತ್ರ ರೊಟ್ಟಿಯಿಂದ ಕದಲಲಿಲ್ಲ, ಗಿರಣಿಯೂ ನಿಲ್ಲಲಿಲ್ಲ.