ತೂತಿನ ಅಂಚಿನ ಸಿಪ್ಪೆ

ಇದನ್ನು ಮೊದಲು ಹೇಳಿದವಳು ಆಸ್ಪತ್ರೆಗೆ ನಳಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪೆಟ್ಟಿಗೆ ಕಟ್ಟುತ್ತಿದ್ದ ಹೆಂಗಸು. ಕೆಲಸ ಬಿಟ್ಟ ಮರುದಿನ ಮಧ್ಯಾಹ್ನ, ಮನೆಯ ಮೆಟ್ಟಿಲ ಮೇಲೆ ಕುಳಿತು, ನೆರೆಯ ಐದಾರು ಮಂದಿಗೆ. ಕತೆ ಅವಳದಲ್ಲ, ನಾಲ್ಕು ವರ್ಷದ ಹಿಂದೆ ಅಲ್ಲೇ ಕೆಲಸಕ್ಕಿದ್ದ ಇನ್ನೊಬ್ಬಳದು.

"ಭಾವ, ಈ ಮುನ್ನೂರು ನಳಿಗೇನೂ ಹೊರಗೆ ಹೋಗಕೂಡದು," ಎಂದಳು ಭೂತಗನ್ನಡಿ. ನೇರಳಾತೀತ ಲೇಸರ್ ಯಂತ್ರ ನಡೆಸುವ ಆಕೆ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಂಟಿಸಿ ಕೂರುತ್ತಿದ್ದುದರಿಂದ ಬಂದ ಹೆಸರು ಅದು. ಮಾಲೀಕ ಆಕೆಯ ಅಕ್ಕನ ಗಂಡ. ದಿನ ತುಂಬದೆ ಹುಟ್ಟಿದ ಕೂಸುಗಳ ರಕ್ತನಾಳಕ್ಕೆ ಇಳಿಸುವ ನಳಿಗೆಗಳಲ್ಲಿ ಕೂದಲೆಳೆಗಿಂತ ಸಣ್ಣ ತೂತು ಕೊರೆಯುವುದು ಆ ಯಂತ್ರದ ಕೆಲಸ. ಕಣ್ಣಿಗೆ ಕಾಣದ ಆ ಬೆಳಕು ಪ್ಲಾಸ್ಟಿಕ್ಕನ್ನು ಕರಗಿಸದೆ, ಕರಕಲು ಮಾಡದೆ, ಅಂಚನ್ನು ನಯವಾಗಿ ಕತ್ತರಿಸುತ್ತಿತ್ತು. ಆದರೆ ಆ ಬೆಳಿಗ್ಗೆ ಮಸೂರ ಮಂಕಾಗಿ, ಪ್ರತಿ ತೂತಿನ ಅಂಚಿನಲ್ಲೂ ಪ್ಲಾಸ್ಟಿಕ್ಕಿನ ಒಂದು ಸಣ್ಣ ಸಿಪ್ಪೆ ನೇತಾಡುತ್ತಿತ್ತು.

ಮಾಲೀಕ ಒಂದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ಎಲ್ಲಿ? ನನಗೇನೂ ಕಾಣ್ತಿಲ್ಲ. ಯಾರಿಗೂ ಕಾಣಲ್ಲ."

"ಬರಿಗಣ್ಣಿಗೆ ಕಾಣೋದಾಗಿದ್ರೆ ನನ್ನನ್ನ ಯಾಕೆ ಇಟ್ಕೊಂಡಿದ್ರಿ? ಆ ಸಿಪ್ಪೆ ಕಿತ್ತು ಬಂದ್ರೆ ಕೂಸಿನ ರಕ್ತದಲ್ಲಿ ಓಡಾಡುತ್ತೆ ಭಾವ."

"ರಾಗ ಎಳೀಬೇಡ. ಸಂಜೆ ಗಾಡಿ ಬರುತ್ತೆ, ಆಸ್ಪತ್ರೆಯವರು ಮೂರು ಸಲ ಫೋನ್ ಮಾಡಿದ್ದಾರೆ. ಜವಾಬ್ದಾರಿ ನನ್ನದು, ಸಾಕಾ?"

"ಹಾಗಂತ ಒಂದು ಚೀಟಿ ಬರ್ಕೊಡಿ."

"ಭಾವನ ಮಾತಿಗೂ ಚೀಟಿ ಬೇಕಾ? ಇರು, ನಿಮ್ಮಕ್ಕನಿಗೆ ಹೇಳ್ತೀನಿ," ಎಂದು ನಗುತ್ತ ಆತ ಊಟಕ್ಕೆ ಎದ್ದ.

ಭೂತಗನ್ನಡಿಗೆ ಮೈಯೆಲ್ಲ ಉರಿಯಿತು. ಬೇಡವೆಂದು ಕೈ ಕೊಸರಲೂ ತ್ರಾಣವಿಲ್ಲದ ಕೂಸುಗಳು, ಈತನಿಗೆ ನಗು. ಆಕೆ ಮಸೂರ ಬದಲಿಸಿದಳು. ನಳಿಗೆ ಕೊರೆಯದೆ ಅದರ ಬಣ್ಣ ಮಾತ್ರ ಕಂದುವಷ್ಟಕ್ಕೆ ಬೆಳಕಿನ ಬಲ ತಗ್ಗಿಸಿದಳು. ಆಮೇಲೆ ಮುನ್ನೂರನ್ನೂ ಒಂದೊಂದಾಗಿ ಯಂತ್ರದೊಳಗೆ ಇಟ್ಟು ತೆಗೆದಳು.

ಊಟ ಮುಗಿಸಿ ಬಂದ ಮಾಲೀಕನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ನಳಿಗೆಯ ಮೈಮೇಲೆ, ಧೂಳಿನ ಕಣದಷ್ಟು ಜಾಗದಲ್ಲಿ, ಆತನ ಪೂರ್ತಿ ಹೆಸರಿತ್ತು. ಕೆಳಗೆ, 'ಜವಾಬ್ದಾರಿ ನನ್ನದು.' ಆತ ಇನ್ನೊಂದನ್ನು ನೋಡಿದ. ಮತ್ತೊಂದನ್ನು ನೋಡಿದ. ಕಿವಿ ಕೆಂಪಾಯಿತು.

"ಅಳಿಸು."

"ಅಳಿಸೋ ಬರಹ ಅಲ್ಲ ಇದು. ಯಾರಿಗೂ ಕಾಣಲ್ಲ ಅಂದ್ರಲ್ಲ, ಕಳಿಸಿ."

ಆತ ತಾನೇ ನಳಿಗೆಗಳ ತಟ್ಟೆ ಎತ್ತಿ, ಮುನ್ನೂರನ್ನೂ ಕಸದ ಡ್ರಮ್ಮಿಗೆ ಸುರಿದ. "ನಾಳೆಯಿಂದ ನೀನು ಬರೋದು ಬೇಡ."

"ಬರಲ್ಲ. ಯಾಕೆ ಅಂತ ಅಕ್ಕನಿಗೆ ನೀವೇ ಹೇಳಿ."

ಮೆಟ್ಟಿಲ ಬಳಿ ಕತೆ ಕೇಳುತ್ತಿದ್ದವರು ಭಲೇ ಎಂದು ನಕ್ಕರು. ಮಡಿಲಲ್ಲಿ ಮಗುವಿದ್ದ ಒಬ್ಬಳು ಮಾತ್ರ ನಗದೆ, "ಅವಳಾದ ಮೇಲೆ ಆ ಯಂತ್ರಕ್ಕೆ ಯಾರು ಕೂತರು?" ಎಂದು ಕೇಳಿದಳು.

"ಮಾಲೀಕರ ತಮ್ಮ."

"ಅವನು ಎಷ್ಟನ್ನ ಬೇಡ ಅಂತ ತೆಗೆದುಹಾಕಿದ?"

"ಒಂದೂ ಇಲ್ಲ," ಎಂದಳು ಹೇಳುತ್ತಿದ್ದವಳು. "ನಾಲ್ಕು ವರ್ಷದಲ್ಲಿ ಒಂದೂ ಇಲ್ಲ. ಎಲ್ಲಾನೂ ಪೆಟ್ಟಿಗೆ ಕಟ್ಟಿದವಳು ನಾನೇ."

ಕೇಳಿದವರು ಒಬ್ಬೊಬ್ಬರಾಗಿ ಎದ್ದರು. ಬರ್ತೀನಿ ಎಂದು ಸಹ ಹೇಳದೆ ಮನೆಗೆ ಹೋದರು.