ಶಾಂತಮಲ್ಲಮ್ಮನ ಓಟು

"ಕಳ್ಳ ಓಟು! ಕಾನ್‌ಸ್ಟೇಬಲ್, ಬಾಗಿಲು ಹಾಕಯ್ಯಾ!"

ಲಿಂಗಯ್ಯ ಮೇಷ್ಟ್ರು ಮೇಜು ಗುದ್ದಿದ ರಭಸಕ್ಕೆ ಶಾಯಿಯ ದವತಿ ಉರುಳುವುದರಲ್ಲಿತ್ತು. ಪೇದೆ ಕೆಮ್ಮುತ್ತ ಬಾಗಿಲು ಹಾಕಿದ. ಎದುರಿಗೆ ನಿಂತಿದ್ದ ಹೆಂಗಸು ಮಾತ್ರ ಕದಲಲಿಲ್ಲ.

ಐವತ್ತೇಳರ ಚುನಾವಣೆ. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಮತಗಟ್ಟೆ. ಚಾಮರಾಜನಗರದಿಂದ ಬಂದ ಮೇಷ್ಟ್ರೇ ಅಲ್ಲಿಯ ಅಧಿಕಾರಿ. ನಡುವೆ ಬಾಯಿ ಹಾಕಕೂಡದೆಂದು ಪೇದೆಗೆ ಬೆಳಿಗ್ಗೆಯೇ ತಾಕೀತು ಮಾಡಿದ್ದರು. ಊರಿನ ಒಂದು ಮುಖವೂ ಅವರಿಗೆ ಗೊತ್ತಿಲ್ಲ. ಇಲ್ಲದಿದ್ದರೇನು, ಕಳ್ಳ ಮತದಾರರನ್ನು ಹಿಡಿಯಲು ಅವರ ಬಳಿ ಸ್ವಂತ ಉಪಾಯವಿತ್ತು. ಬಂದ ಹೆಂಗಸರನ್ನೆಲ್ಲ ಗಂಡನ ಹೆಸರು ಕೇಳುವುದು. ನಾಚಿ ತಲೆ ತಗ್ಗಿಸಿದರೆ ಅಸಲಿ. ಥಟ್ಟನೆ ಹೇಳಿದರೆ ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ ನಕಲಿ. ಗರತಿಯಾದವಳು ಗಂಡನ ಹೆಸರು ಹೇಳುವುದುಂಟೇ? ಬೆಳಗಿನಿಂದ ಎಲ್ಲರೂ ನಾಚಿ ನಾಚಿ ಪಾಸಾಗಿದ್ದರು. ಮೇಷ್ಟ್ರಿಗೆ ಬೇಸರ ಹತ್ತಿತ್ತು.

ಮತದಾರರ ಗುರುತು ಹಿಡಿಯಬೇಕಾದ ಪಕ್ಷಗಳ ಏಜೆಂಟರು ಊಟಕ್ಕೆ ಹೋಗಿದ್ದಾಗ ಈಕೆ ಬಂದಳು. ಪಟ್ಟಿಯಲ್ಲಿ ಶಾಂತಮಲ್ಲಮ್ಮ ಎಂದಿತ್ತು. ಮೇಷ್ಟ್ರು ಅದೇ ಪ್ರಶ್ನೆ ಕೇಳಿದರು. ಅವಳು ಸೆರಗು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, "ಪುಟ್ಟಮಲ್ಲಪ್ಪ!" ಎಂದು ಹೆಂಚು ಅದುರುವಂತೆ ಕೂಗಿದಳು. ಪೇದೆಯ ಕೈಯಿಂದ ಲಾಠಿ ಜಾರಿ ಬಿತ್ತು. ಮೇಷ್ಟ್ರು ಮೇಜು ಗುದ್ದಿದ್ದು ಆಗಲೇ.

"ಬೇರೆಯವರ ಹೆಸರಲ್ಲಿ ಓಟು ಹಾಕಿದರೆ ಒಂದು ವರ್ಷ ಜೈಲು, ಗೊತ್ತೇನಮ್ಮ?"

"ನನ್ನೆಸ್ರೇ ಬುದ್ಧಿ ಅದು. ಓದ್ಸಲ ಪಟ್ಟಿ ಬರ್ಯೋರು ಬಂದು ಇದ್ನೇ ಕೇಳಿದ್ರು. ನಾನು ಬಾಯ್ಬುಡ್ನಿಲ್ಲ ಅಂತ ನನ್ನ ಬುಟ್ಟೇ ಬರ್ಕೊಂಡೋದ್ರು. ಈ ಸಲ ನಮ್ಮತ್ತೆ ಏಳಿ ಬರ್ಸವ್ರೆ. ಏಳ್ದಿದ್ರೆ ಓಟಿಲ್ಲ, ಏಳಿದ್ರೆ ಜೈಲಾ?"

ಅವಳ ಕಣ್ಣು ತುಂಬಿತು. ಐದು ವರ್ಷ ಕಾದ ಓಟು, ಮೇಜಿನ ಮೇಲೆ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಅಳು ಬಾರದೆ ಇರುತ್ತದೆಯೇ?

"ಕಥೆ ಚೆನ್ನಾಗಿ ಕಟ್ಟುತ್ತೀಯ," ಎಂದು ಮೇಷ್ಟ್ರು ಮೂಗು ಮುರಿದರು. "ನಿನ್ನ ಗುರುತು ಹೇಳುವವರು ಈ ಊರಲ್ಲಿ ಒಬ್ಬರಾದರೂ ಇದ್ದಾರೋ?"

"ಅವ್ರೆ," ಎಂದಳು ಅವಳು ಸಿಡುಕಿನಿಂದ. "ಬಾಯ್ಬುಡಾಕಿಲ್ಲ, ಅಷ್ಟೇಯ."

"ಬಾಯಿ ಬಿಡುವುದಿಲ್ಲ, ಯಾಕೆಂದರೆ ಅಂಥವರು ಯಾರೂ ಇಲ್ಲ! ಕಾನ್‌ಸ್ಟೇಬಲ್, ಇವಳನ್ನು ಠಾಣೆಗೆ ಎಳೆದುಕೊಂಡು ಹೋಗು."

ಪೇದೆ ಮುಂದೆ ಬಂದು ಸೆಲ್ಯೂಟ್ ಹೊಡೆದ. ಅವನ ಮೀಸೆಯ ಕೆಳಗೆ ನಗು ನಿಲ್ಲುತ್ತಿರಲಿಲ್ಲ. ಅವಳು ಅವನನ್ನು ಸುಡುವಂತೆ ನೋಡಿದಳು.

"ಮದ್ವೆ ಆಗಿ ಹನ್ನೆಲ್ಡು ವರ್ಸ ಆಯ್ತು ಸಾರ್, ಇವ್ಳ ಬಾಯಲ್ಲಿ ನನ್ನೆಸ್ರು ಕೇಳಿದ್ದು ಇವತ್ತೇಯ," ಎಂದ ಪೇದೆ. "ಓಟಿನ ಚೀಟಿ ಕೊಡಾಕ್ ಮುಂಚೆ ಇನ್ನೊಂದ್ಸಲ ಕೇಳ್ಬುಡಿ ಸಾರ್."