ಹನ್ನೆರಡನೆಯ ಟಿಕ್

ಕೆಲಸದ ಮೇಜಿನ ಮೇಲೆ ಹಳೆಯ ಬಿಳಿ ಟವೆಲು. ಟವೆಲಿನ ಮೇಲೆ, ಕಾರಿನ ಮುಂದಿನ ಎರಡು ಸೀಟುಗಳ ನಡುವಿನಿಂದ ಕಳಚಿ ತೆಗೆದ ಬೂದು ಬಣ್ಣದ ಪ್ಲಾಸ್ಟಿಕ್ ಪ್ಯಾನೆಲ್. ಗೀರು ಬೀಳದಿರಲೆಂದು ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿದೆ. ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಎಳೆದ ಒಂದು ವೃತ್ತ, ರೂಪಾಯಿ ನಾಣ್ಯದಷ್ಟು. ವೃತ್ತದ ನಡುವೆ ಒಂದು ಚುಕ್ಕೆ. ಪಕ್ಕದಲ್ಲಿ, ಇನ್ನೂ ಎಲ್ಲಿಗೂ ಸೇರದ, ವಾಲ್ಯೂಮಿನ ಕಪ್ಪು ನಾಬ್, ಮೂರು ವೈರುಗಳ ಬಾಲದೊಂದಿಗೆ. ಅದರಾಚೆ ಬೋರಲಾಗಿ ಮಲಗಿದ ದೊಡ್ಡ ಸ್ಪೀಕರ್, ಬೆನ್ನಿನ ಅಯಸ್ಕಾಂತವನ್ನು ಸೂರಿಗೆ ತೋರಿಸುತ್ತ. ಚಾಟ್ಸ್‌ವರ್ತಿನಲ್ಲಿ ತೊಂಬತ್ತಮೂರರ ಆಗಸ್ಟಿನ ಬಿಸಿಲು ಮೇಜಿನ ಅಂಚಿನವರೆಗೆ ಬಂದು ನಿಂತಿದೆ. ಯಾವುದೂ ಅಲುಗುತ್ತಿಲ್ಲ.

ಅಲುಗದೆ ಕುಳಿತಿದ್ದ ಇನ್ನೊಬ್ಬರು ಕಾರಿನ ಮಾಲೀಕ ರಾಚಯ್ಯ. ಪಕ್ಕದ ಪೋರ್ಟರ್ ರ್ಯಾಂಚಿನವರು, ನಿವೃತ್ತ ಎಂಜಿನಿಯರು, ಮೂಲ ವಿಜಾಪುರದ ಕಡೆಯವರು. ಒಂದು ಗಂಟೆಯಿಂದ ಅವರು ಉಮಾನಾಥನ ಬಾಯಿಯನ್ನೇ ನೋಡುತ್ತಿದ್ದರು.

ಉಮಾನಾಥನಿಗೆ ಇರುಸುಮುರುಸು. ಕಾರುಗಳಿಗೆ ಸ್ಟೀರಿಯೊ ಕೂರಿಸುವ ಈ ಅಂಗಡಿ ತೆರೆದು ಹದಿನೆಂಟು ವರ್ಷವಾದರೂ ಉಡುಪಿಯ ಎಲೆಯಡಿಕೆಯ ಕಲೆ ಅವನ ಹಲ್ಲನ್ನು ಬಿಟ್ಟಿರಲಿಲ್ಲ. ಆ ನೋಟದಿಂದ ಪಾರಾಗಲು ಧೂಳಿನ ಮಾಸ್ಕ್ ಕಟ್ಟಿಕೊಂಡು ಡ್ರಿಲ್ ಎತ್ತಿಕೊಂಡ.

“ನಾಬನ್ನು ಸ್ವಲ್ಪ ನಿಮ್ಮ ಕಡೆಗೆ ಇಡುದಾ ಸರ್?”

ಎರಡನೆಯ ಸಲ ಕೇಳಿದ. ರಾಚಯ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತಲೇ ಇದ್ದರು. ದೊಡ್ಡವರ ಗತ್ತು ಎಂದುಕೊಂಡು ಉಮಾನಾಥ ತನಗೆ ತೋಚಿದಲ್ಲಿ ಕೊರೆದ.

ಹೊರಗಿನ ಕೋಣೆಯಿಂದ ಅವರ ಹೆಂಡತಿ ಮಲ್ಲವ್ವ ಬಂದರು. ಗಂಡನ ತೋಳು ಮುಟ್ಟಿ, ಅವರು ತಿರುಗಿದ ಮೇಲೆ ಕೇಳಿದರು: “ಇನ್ನೂ ಎಷ್ಟೊತ್ತರಿ? ಮಗಳು ಸ್ಯಾನ್ ಡಿಯಾಗೋದ ಕರ್ನಿ ಮೆಸಾದಾಗ ಊಟಕ್ಕ ಕಾಯ್ತಿರ್ತಾಳ.”

“ಅರ್ಧ ತಾಸು,” ಎಂದರು ರಾಚಯ್ಯ.

ಮಲ್ಲವ್ವ ಫ್ಲಾಸ್ಕನ್ನು ಉಮಾನಾಥನ ಮುಂದೆ ಹಿಡಿದರು. “ತಮ್ಮಾ, ಇದರಾಗ ಒಂದೀಟು ಬಿಸಿನೀರು ಹಾಕಿ ಕೊಡ್ತೀಯೇನು?”

ಕಾಫಿ ಮಷೀನಿನಿಂದ ತುಂಬಿಸಿ ಕೊಡುತ್ತ ಅವನು ಕೇಳಿದ: “ಗಂಟಲು ನೋವುಂಟಾ ಅಮ್ಮಾ?”

“ಇಲ್ಲಪಾ. ದೂರದ ದಾರಿ, ಇರ್ಲಿ ಅಂತ.” ಅವರು ಒಂದು ತುಂಡು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಹೊರಗಿನ ಕೋಣೆಗೆ ಹೋದರು.

ಉಮಾನಾಥ ಮಾಸ್ಕ್ ಕೆಳಗಿಳಿಸಿದ. “ಟಿಕ್ ಟಿಕ್ ಅನ್ನುವ ನಾಬೇ ಬೇಕು ಅಂತ ಎಂತಕ್ಕೆ ಹಟ ಮಾರಾಯ್ರೆ? ನುಣ್ಣಗೆ ತಿರುಗುವಂಥದ್ದು ಚಂದದ್ದು ಉಂಟು ನನ್ನತ್ರ.”

ರಾಚಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನನಗ ಕಿವಿ ಕೇಳಸೂದಿಲ್ರಿ. ಎರಡು ವರ್ಷ ಆತು. ನಿಮ್ಮ ತುಟಿ ನೋಡಿ ಮಾತು ತಿಳಕೊಳ್ಳಾಕತ್ತೀನಿ. ಆಕಿಗೆ ಗೊತ್ತಿಲ್ಲ.”

ಉಮಾನಾಥನಿಗೆ ತನ್ನ ಹಲ್ಲಿನ ಬಗ್ಗೆ ಸಮಾಧಾನವಾಯಿತು.

“ಹೇಳಿದ್ರೆ ಎಂತಾಗ್ತದೆ?”

“ಹಾಡೂದು ಬಿಡ್ತಾಳ. ಮದುವಿ ಆದಾಗಿಂದ ಆಕಿ ಹಾಡಿದ್ದು ನನ್ನೊಬ್ಬನ ಮುಂದ. ಕೇಳಾವ ಇಲ್ಲಂದ್ರ ಯಾರ ಸಲುವಾಗಿ ಹಾಡ್ಯಾಳು?”

ಅವರು ಜೇಬಿನಿಂದ ಕ್ಯಾಸೆಟ್ ತೆಗೆದುಕೊಟ್ಟರು. ಮೇಲೆ ಅಳತೆಪಟ್ಟಿ ಹಿಡಿದು ಬರೆದಂಥ ಅಕ್ಷರ: ‘ಮಲ್ಲವ್ವ, ತತ್ವಪದ’.

“ಹೋದ ವರ್ಷ ನಾನೇ ರೆಕಾರ್ಡ್ ಮಾಡಿದ್ದು. ಕಾರು ಹೊಂಟ ಕೂಡಲೇ ಹಾಕ್ತೀನಿ. ಆಕೀನೂ ಟೇಪಿನ ಜೋಡಿ ದನಿ ಕೂಡಸ್ತಾಳ, ತೊಡಿ ಮ್ಯಾಲೆ ತಾಳ ಹಾಕ್ತಾಳ. ಓರೆಗಣ್ಣಿಲೆ ಅದನ್ನ ನೋಡಿ ‘ಭೇಷ್’ ಅಂತೀನಿ. ಹೋದ ವಾರ ಟೇಪ್ ಹೊರಗ ತೆಗದದ್ದೇ ತಡ, ರೇಡಿಯೊ ಒದರೇತಿ. ವಾಲ್ಯೂಮ್ ತುದಿಗೆ ಇತ್ತಂತ ನನಗೇನು ಗೊತ್ತು? ಆಕಿ ಬೆಚ್ಚಿಬಿದ್ಲು. ನಾ ಬೀಳಲಿಲ್ಲ. ಇನ್ನೊಮ್ಮೆ ಹಂಗಾದ್ರ ಸಿಕ್ಕಿಬಿದ್ದಂಗೇ. ಎಷ್ಟನೇ ಟಿಕ್‌ಗೆ ಹದ ಅಂತ ನೀವು ಹೇಳಿಬಿಡ್ರಿ. ಟಿಕ್ ಬೆರಳಿಗೆ ತಿಳೀತದ, ಎಣಸೂದು ನನಗ ಬರ್ತದ.”

ಉಮಾನಾಥ ಕ್ಯಾಸೆಟ್ಟನ್ನು ಕೈಗೆ ಸಿಕ್ಕ ಜಾಗದಲ್ಲಿಟ್ಟು ಕೆಲಸಕ್ಕೆ ತೊಡಗಿದ. ತೂತಿನ ಅಂಚನ್ನು ಅರದಿಂದ ಉಜ್ಜಿದ. ನಾಬ್ ಕೂರಿಸಿ ವೈರು ಬೆಸೆದ. ಪ್ಯಾನೆಲ್ ಗಡಗಡಿಸದಂತೆ ಹಿಂಬದಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಕಾರಿನೊಳಗೆ ಒತ್ತಿ ಕೂರಿಸಿದ. ರೇಡಿಯೊ ಹಾಕಿ ನೋಡಿದ. ಹನ್ನೆರಡನೆಯ ಟಿಕ್ಕಿಗೆ ದನಿ ಹದವಾಗಿತ್ತು.

ಆಮೇಲೆ ರಾಚಯ್ಯನವರ ಕ್ಯಾಸೆಟ್ ಹಾಕಿದ. ಅದು ತಿರುಗಿತು. ದನಿಯಿಲ್ಲ. ಮಗುಚಿ ಹಾಕಿದ. ಆಗಲೂ ಇಲ್ಲ. ಅಂಗಡಿಯ ಕ್ಯಾಸೆಟ್ ಹಾಕಿದ. ಅದು ಸೊಗಸಾಗಿ ಹಾಡಿತು.

ಉಮಾನಾಥ ಮೇಜಿನ ಕಡೆ ತಿರುಗಿ ನೋಡಿದ. ಅರ್ಧ ತಾಸು ಆ ಕ್ಯಾಸೆಟ್ಟನ್ನು ಅವನು ಇಟ್ಟಿದ್ದು ಸ್ಪೀಕರಿನ ಬೆನ್ನಿನ ಮೇಲೆ, ಅಯಸ್ಕಾಂತದ ಮೇಲೆ. ಕಲಿಯಲು ಬಂದವರಿಗೆಲ್ಲ ಮೊದಲ ದಿನ ಅವನೇ ಹೇಳಿಕೊಡುವ ಪಾಠ: ಅಯಸ್ಕಾಂತದ ಹತ್ತಿರ ಟೇಪ್ ಇಡಬೇಡಿ, ಅಳಿಸಿಹೋಗುತ್ತದೆ.

“ಹದಾ ಐತೇನ್ರಿ?” ಎಂದರು ರಾಚಯ್ಯ, ಅವನ ತುಟಿ ನೋಡುತ್ತ.

“ಹನ್ನೆರಡು, ಸರ್,” ಎಂದ ಉಮಾನಾಥ.

ಅವರು ಕಾರಿನಲ್ಲಿ ಕೂತು ಟಿಕ್ ಎಣಿಸತೊಡಗಿದರು. ಇನ್ನು ಐದು ನಿಮಿಷಕ್ಕೆ ಕಾರು ಹೊರಡುತ್ತದೆ. ಬರಿದಾದ ಟೇಪಿಗೆ ರಾಚಯ್ಯ ‘ಭೇಷ್’ ಅನ್ನುತ್ತಾರೆ. ಪಕ್ಕದಲ್ಲಿ ಕೂತವರಿಗೆ ಎಲ್ಲವೂ ಗೊತ್ತಾಗಿಹೋಗುತ್ತದೆ.

ಉಮಾನಾಥ ಹೊರಗಿನ ಕೋಣೆಗೆ ಹೋದ.

“ಅಮ್ಮಾ, ನನ್ನಿಂದ ಒಂದು ತಪ್ಪಾಯಿತು. ನಿಮ್ಮ ಟೇಪನ್ನು ಅಯಸ್ಕಾಂತದ ಮೇಲೆ ಇಟ್ಟುಬಿಟ್ಟೆ. ಹಾಡೆಲ್ಲ ಅಳಿಸಿಹೋಗಿದೆ. ಸರ್ ಇನ್ನೂ ಹಾಕಿ ನೋಡಿಲ್ಲ, ಅವರಿಗೆ ಗೊತ್ತಿಲ್ಲ. ಇವತ್ತು ಟೇಪ್ ಹಾಕುದು ಬೇಡ ಅಂತ ನೀವೇ ಹೇಳಿಬಿಡಿ.”

ಮಲ್ಲವ್ವ ಫ್ಲಾಸ್ಕಿನ ಮುಚ್ಚಳ ತಿರುವಿ ಬಿಗಿ ಮಾಡಿದರು. ಎದ್ದು, ಚೀಲ ಹೆಗಲಿಗೇರಿಸಿದರು.

“ನೀ ಏನೂ ಅಳಿಸಿಲ್ಲ ತಮ್ಮಾ. ರೆಕಾರ್ಡ್ ಮಾಡೋ ದಿನ ಅವರು ಮೈಕಿನ ಸ್ವಿಚ್ಚೇ ಹಾಕಿರಲಿಲ್ಲ. ಆಮ್ಯಾಲೆ ಆ ಖಾಲಿ ಟೇಪ್ ಹಚ್ಚಿ, ನನ್ನ ಮಾರಿ ನೋಡಿ ‘ಭೇಷ್’ ಅಂದ್ರು. ನನಗ ಅವತ್ತೇ ತಿಳೀತು.” ಇನ್ನೊಂದು ತುಂಡು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. “ಬರೇ ತುಟಿ ಅಲ್ಲಾಡಿಸಿದ್ರೂ ನಡೀತದ. ಆದ್ರ ಅದು ಮೋಸ ಆಗ್ತದ ನೋಡು. ಸ್ಯಾನ್ ಡಿಯಾಗೋ ತನಕ ಹಾಡಬೇಕು, ಬರ್ತೀನಿ.”

ಅವರ ಹಿಂದೆ ಗಾಜಿನ ಬಾಗಿಲು ಮುಚ್ಚಿಕೊಂಡಿತು.